ಹಿತ್ತಲ ಕೊಳದ ನೀರು ಮಧ್ಯಾಹ್ನ 36 ಡಿಗ್ರಿ, ಮೀನು ಉಳಿಸೋದು ಹೇಗೆ?

ಬಿಸಿಲೂರಿನವ
ಎಲ್ಲರಿಗೂ ನಮಸ್ಕಾರ. ಊರು ಕಲಬುರಗಿ, ಇನ್ನು ಬಿಸಿಲಿನ ಬಗ್ಗೆ ಬೇರೆ ಹೇಳಬೇಕಿಲ್ಲ. ಹೋದ ದೀಪಾವಳಿಗೆ ಹಿತ್ತಲಲ್ಲಿ ಒಂದು ಕೊಳ ಕಟ್ಟಿಸಿದೆ. ಎಂಟಡಿ ಉದ್ದ, ಐದಡಿ ಅಗಲ, ಒಂದೂವರೆ ಅಡಿ ಆಳ. ಒಳಗೆ ಕಪ್ಪು ಶೀಟು. ಆರು ಗೋಲ್ಡ್ ಫಿಶ್, ಎರಡು ಕೋಯ್ (ಬಣ್ಣದ ಕಾರ್ಪ್ ಮೀನು). ಚಳಿಗಾಲ ಪೂರ್ತಿ ಚೆನ್ನಾಗಿದ್ದವು. ಯುಗಾದಿ ಮುಗಿದದ್ದೇ ಗೋಳು ಶುರುವಾಯಿತು.

ಬೆಳಿಗ್ಗೆ ಆರಕ್ಕೆ ಥರ್ಮಾಮೀಟರ್ ಇಳಿಬಿಟ್ಟರೆ 27. ಮಧ್ಯಾಹ್ನ ಮೂರೂವರೆಗೆ 36. ಕೈ ಅದ್ದಿದರೆ ಸ್ನಾನದ ನೀರಿನ ಹಾಗಿರುತ್ತೆ. ದಿನಾ ಎರಡು ಲೀಟರಿನ ಎರಡು ಬಾಟಲಿ ಐಸ್ ಕಟ್ಟಿಸಿ ತೇಲಿಬಿಡುತ್ತಿದ್ದೇನೆ. ಆದರೂ ನಿನ್ನೆ ಎರಡು ಗೋಲ್ಡ್ ಫಿಶ್ ಹೋದವು. ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಏನಾದರೂ ದಾರಿ ಹೇಳಿ.

ಮಂಡ್ಯದ ಗಾಳ
ಒಂದೂವರೆ ಅಡಿನಾ? ಅದು ಕೊಳ ಅಲ್ಲ ಗುರುವೇ, ಬೋಗುಣಿ.

ನೈದಿಲೆ
ಕಪ್ಪು ಶೀಟು, ನೆರಳಿಲ್ಲ, ಆಳ ಇಲ್ಲ. ಬಿಸಿಲಿಗೆ ಎಲೆ ಹಾಕಿ ಊಟಕ್ಕೆ ಕರೆದ ಹಾಗಾಯಿತು. ಮೊದಲು ನೆರಳು ಮಾಡಿ, ಮಿಕ್ಕಿದ್ದು ಆಮೇಲೆ.

ಐಸ್ ಕ್ಯಾಂಡಿ
ಎರಡು ಬಾಟಲಿ ಸಾಲದು. ನಾನು ಬಳ್ಳಾರಿಯಲ್ಲಿ ಮೀನು ಸಾಕಿದಾಗ ದಿನಾ ಆರು ಬಾಟಲಿ ಹಾಕುತ್ತಿದ್ದೆ. ಒಂದು ಮೀನೂ ಸಾಯಲಿಲ್ಲ.

ಲೆಕ್ಕದ ಮೇಷ್ಟ್ರು
ಐಸ್ ಕ್ಯಾಂಡಿ ಅವರೇ, ನಿಮ್ಮದು ಎಷ್ಟು ದೊಡ್ಡ ತೊಟ್ಟಿ ಹೇಳಿ ನೋಡೋಣ.

ಐಸ್ ಕ್ಯಾಂಡಿ
ಗಾಜಿನ ತೊಟ್ಟಿ, ಮೂರಡಿದು. ಅದರಿಂದೇನು? ತತ್ವ ಒಂದೇ ಅಲ್ವಾ?

ಲೆಕ್ಕದ ಮೇಷ್ಟ್ರು
ತತ್ವ ಒಂದೇ, ಲೆಕ್ಕ ಬೇರೆ. ಇವರ ಕೊಳ 60 ಘನ ಅಡಿ, ಅಂದರೆ ಹತ್ತಿರ ಹತ್ತಿರ 1,700 ಲೀಟರ್. ಒಂದು ಕೆಜಿ ಐಸ್ ಕರಗೋದಕ್ಕೆ 334 ಕಿಲೋಜೂಲ್ ಶಾಖ ನುಂಗುತ್ತೆ. ಕರಗಿದ ನೀರು ಕೊಳದ ಮಟ್ಟಕ್ಕೆ ಬೆಚ್ಚಗಾಗೋದಕ್ಕೆ ಇನ್ನೊಂದು 125 ಅಂತಿಟ್ಟುಕೊಳ್ಳಿ. ನಾಲ್ಕು ಕೆಜಿ ಐಸ್ ಹಾಕಿದರೆ ಈ ಕೊಳ ತಣ್ಣಗಾಗೋದು ಕಾಲು ಡಿಗ್ರಿ. ಬರೀ ಕಾಲು ಡಿಗ್ರಿ! ಅಷ್ಟಕ್ಕೆ ನಿಮ್ಮ ಫ್ರಿಜ್ ರಾತ್ರಿಯಿಡೀ ಓಡಿ, ಅಡುಗೆಮನೆ ಬಿಸಿ ಮಾಡಿ, ಬಿಲ್ಲು ಏರಿಸುತ್ತೆ.

ಈಗ ಇನ್ನೊಂದು ನೋಡಿ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 2,430 ಕಿಲೋಜೂಲ್ ಹೊತ್ತುಕೊಂಡು ಹೋಗುತ್ತೆ. ಐದು ಕೆಜಿ ಐಸ್‌ಗೆ ಸಮ. ನಿಮ್ಮೂರ ಒಣ ಗಾಳಿಗೆ ಕೊಳದಲ್ಲಿ ದಿನಕ್ಕೆ ಒಂದು ಸೆಂಟಿಮೀಟರ್ ನೀರು ಇಳಿದರೆ ಅದು 37 ಲೀಟರ್. ಅಂದರೆ 180 ಕೆಜಿಗೂ ಮೀರಿದ ಐಸ್, ಪುಕ್ಕಟೆ. ಮಣ್ಣಿನ ಗಡಿಗೆ ಮಾಡೋ ಕೆಲಸ ಅದೇ. ಗಾಳಿ ಆಡೋದಕ್ಕೆ ಬಿಡಿ, ಬಿಸಿಲು ತಡೆಯಿರಿ. ಐಸ್ ಶರಬತ್ತಿಗೆ ಇಟ್ಟುಕೊಳ್ಳಿ.

ಮಂಡ್ಯದ ಗಾಳ
ಮೇಷ್ಟ್ರು ಬಂದರೆ ಪರೀಕ್ಷೆ ಗ್ಯಾರಂಟಿ 😄

ಬಿಸಿಲೂರಿನವ
ಕಾಲು ಡಿಗ್ರಿನಾ... ಹದಿನೈದು ದಿನದಿಂದ ಹೆಂಡತಿ ಹತ್ತಿರ ಫ್ರಿಜ್‌ನಲ್ಲಿ ಜಾಗಕ್ಕೆ ಜಗಳ ಆಡಿದ್ದು ಕಾಲು ಡಿಗ್ರಿಗಾ? ಅವಳಿಗೆ ಇದನ್ನು ಓದಿ ಹೇಳಲ್ಲ.

ಕೆರೆ ಏರಿ
ಎಲ್ಲರೂ ಬಿಸಿಲು ಬಿಸಿಲು ಅಂತಿದ್ದೀರಿ. ನನ್ನದೊಂದು ಪ್ರಶ್ನೆ. ಮೀನು ಸತ್ತಿದ್ದು ಯಾವ ಹೊತ್ತಿಗೆ? ಮಧ್ಯಾಹ್ನವೋ, ಬೆಳಗಿನ ಜಾವವೋ?

ಬಿಸಿಲೂರಿನವ
ರಾತ್ರಿ ಹತ್ತಕ್ಕೆ ನೋಡಿದಾಗ ಓಡಾಡುತ್ತಿದ್ದವು. ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದರೆ ಎರಡು ತೇಲುತ್ತಿದ್ದವು. ಉಳಿದವು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಹೊಟ್ಟೆಗೆ ಸಾಲದೇನೋ ಅಂತ ಕಾಳು ಹಾಕಿದೆ.

ಕೆರೆ ಏರಿ
ಅದು ಹಸಿವಲ್ಲ ಸ್ವಾಮಿ, ಉಸಿರು ಕಟ್ಟಿದ್ದು. ನೀರು ಹಸಿರಾಗಿದೆಯಾ?

ಬಿಸಿಲೂರಿನವ
ಹೌದು, ಹೆಸರುಬೇಳೆ ಕಟ್ಟಿನ ಹಾಗೆ.

ಕೆರೆ ಏರಿ
ಅಲ್ಲಿಗೆ ಗೊತ್ತಾಯಿತು. ನಿಮ್ಮ ಮೀನು ಸತ್ತಿದ್ದು ಕೊಳ 36 ಇದ್ದಾಗ ಅಲ್ಲ, 27 ಇದ್ದಾಗ.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಹಿಡಿಯುತ್ತೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ, 30ರಲ್ಲಿ ಏಳೂವರೆ, 35ರಲ್ಲಿ 7. ಅದೂ ಹಿಡಿಯಬಹುದಾದ ಗರಿಷ್ಠ ಮಟ್ಟ. ಆ ಕಡೆ ಬೆಚ್ಚಗಿನ ನೀರಿನಲ್ಲಿ ಮೀನಿಗೆ ಬೇಕಾಗೋ ಉಸಿರು ಜಾಸ್ತಿ. ಆದಾಯ ಇಳಿದು ಖರ್ಚು ಏರಿದ ಸಂಸಾರ. ಇದರ ಮೇಲೆ ಹಸಿರು ಪಾಚಿ. ಅದು ಹಗಲು ಆಮ್ಲಜನಕ ಬಿಡುತ್ತೆ, ರಾತ್ರಿ ಅದೇ ತಿನ್ನುತ್ತೆ. ಬೆಳಗಿನ ಜಾವ ನಾಲ್ಕರಿಂದ ಆರರ ತನಕ ಕೊಳದಲ್ಲಿ ಬರಗಾಲ. ಆಗಲೇ ಮೀನು ಮೇಲೆ ಬಂದು ಬಾಯಿ ಬಿಡೋದು. ಆ ಹೊತ್ತಿನಲ್ಲಿ ಕಾಳು ಹಾಕಿದರೆ ಇನ್ನೂ ಕಷ್ಟ, ಅರಗಿಸಿಕೊಳ್ಳೋದಕ್ಕೂ ಆಮ್ಲಜನಕ ಬೇಕು.

ಪಂಪ್ ಇದೆಯಾ? ಕಾರಂಜಿ ಥರದ್ದು?

ಬಿಸಿಲೂರಿನವ
ಇದೆ. ಸಣ್ಣದು, 18 ವ್ಯಾಟ್. ಆದರೆ... ರಾತ್ರಿ ಹತ್ತಕ್ಕೆ ಆಫ್ ಮಾಡುತ್ತೇನೆ. ಪಕ್ಕದ ಮನೆಯವರಿಗೆ ನೀರಿನ ಸದ್ದಿಗೆ ನಿದ್ದೆ ಬರಲ್ಲವಂತೆ.

ನೈದಿಲೆ
ಅಯ್ಯೋ.

ಮಂಡ್ಯದ ಗಾಳ
ಸಿಕ್ಕಿಬಿದ್ದ ಕಳ್ಳ!

ಕೆರೆ ಏರಿ
ಹಗಲು ಆಫ್ ಮಾಡಿದರೂ ನಡೆಯುತ್ತೆ, ರಾತ್ರಿ ಮಾತ್ರ ಬೇಡ. ಸದ್ದು ಬೇಡ ಅಂದರೆ ಕಾರಂಜಿ ತೆಗೆದು ಏರ್ ಪಂಪ್ ಹಾಕಿ, ಗುಳ್ಳೆ ಬಿಡೋದು. ಪಂಪಿನ ಕೆಳಗೆ ಹಳೇ ಚಪ್ಪಲಿ ತುಂಡು ಇಟ್ಟರೆ ಗುಂಯ್ ಅನ್ನೋದೂ ನಿಲ್ಲುತ್ತೆ. ಕರೆಂಟು ಹೋಗೋ ಊರಾದರೆ ಬ್ಯಾಟರಿ ಇರೋದು ತೊಗೊಳ್ಳಿ.

ಗಾಂಧಿಬಜಾರ್ ಗಪ್ಪಿ
ಇದನ್ನು ಓದಿ 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಾಯಿತು. ಆಗಲೂ ನೀರಲ್ಲಿ ಆಮ್ಲಜನಕ ಕುಸಿದದ್ದೇ ಕಾರಣ ಅಂತ ಹೇಳಿದ್ದರು. ಅಲ್ಲಿ ಚರಂಡಿ ನೀರಿನ ಪಾಲೂ ಇತ್ತು ಬಿಡಿ. ಅದೇ ವರ್ಷ ಏಪ್ರಿಲ್‌ನಲ್ಲಿ ಬೆಂಗಳೂರಲ್ಲೇ 39.2 ಡಿಗ್ರಿ ಆಯಿತಲ್ಲ, ನಮ್ಮ ತಾರಸಿ ತೊಟ್ಟಿಯ ಗಪ್ಪಿಗಳಿಗೆ ಅಮ್ಮನ ಹಳೇ ಕಾಟನ್ ಸೀರೆ ಚಪ್ಪರ ಕಟ್ಟಿದ್ದೆ.

ಐಸ್ ಕ್ಯಾಂಡಿ
ಹಾಗಾದರೆ ಬೋರ್‌ವೆಲ್ ನೀರು ಬಿಟ್ಟರೆ ಆಯಿತಲ್ಲ? ಅದು ತಣ್ಣಗಿರುತ್ತೆ. ಮಧ್ಯಾಹ್ನ ಅರ್ಧ ಕೊಳ ಖಾಲಿ ಮಾಡಿ ತುಂಬಿಸಿ.

ಕೆರೆ ಏರಿ
ದಯವಿಟ್ಟು ಬೇಡ. 36ರಲ್ಲಿರೋ ಮೀನಿಗೆ ಅರ್ಧ ಗಂಟೆಯಲ್ಲಿ ಐದಾರು ಡಿಗ್ರಿ ಇಳಿಸಿದರೆ ಆಘಾತ ಆಗುತ್ತೆ. ಗಂಟೆಗೆ ಒಂದು ಡಿಗ್ರಿಗಿಂತ ಜಾಸ್ತಿ ಏರಿಳಿತ ಇರದ ಹಾಗೆ ನೋಡಿಕೊಂಡರೆ ಒಳ್ಳೆಯದು. ಜೊತೆಗೆ ಆಳದ ಬೋರ್ ನೀರಲ್ಲಿ ಆಮ್ಲಜನಕ ತುಂಬಾ ಕಡಿಮೆ. ಹಾಕೋದಾದರೆ ಸಂಜೆ, ಷವರ್ ಥರ ಎತ್ತರದಿಂದ ಚಿಮ್ಮಿಸಿ, ಹತ್ತರಲ್ಲಿ ಒಂದು ಪಾಲು. ನಲ್ಲಿ ನೀರಾದರೆ ಕ್ಲೋರಿನ್ ಕಳೆಯೋದಕ್ಕೆ ಒಂದು ದಿನ ಬಾಯಿ ತೆರೆದ ಡ್ರಮ್ಮಿನಲ್ಲಿಟ್ಟು ಹಾಕಿ.

ಐಸ್ ಕ್ಯಾಂಡಿ
ನಾನು ಹೇಳಿದ್ದೆಲ್ಲಾ ತಪ್ಪೇ ಇವತ್ತು.

ನೈದಿಲೆ
ಬೇಜಾರು ಮಾಡ್ಕೋಬೇಡಿ. ಗಾಜಿನ ತೊಟ್ಟಿಗೆ ನಿಮ್ಮ ಉಪಾಯ ಸರಿಯೇ.

ಬಿಸಿಲೂರಿನವರೇ, ನೆರಳಿನ ವಿಷಯ. ಹಸಿರು ನೆಟ್ ಸಿಗುತ್ತಲ್ಲ, ನರ್ಸರಿಯವರು ಕಟ್ಟೋದು, ಅರ್ಧ ಬಿಸಿಲು ತಡೆಯೋದನ್ನು ತೊಗೊಳ್ಳಿ. ನೀರಿಗೆ ತಾಗಿಸಿ ಹೊದಿಸಬೇಡಿ. ಆಳೆತ್ತರಕ್ಕೆ ಕಟ್ಟಿ, ಗಾಳಿ ಆಡಬೇಕು. ಪಡುವಣ ದಿಕ್ಕಿಗೆ ನೆಲದ ತನಕ ಇಳಿಬಿಡಿ. ಎರಡರಿಂದ ಐದರ ಬಿಸಿಲು ಓರೆಯಾಗಿ ಬರುತ್ತೆ, ಮೇಲೆ ಮಾತ್ರ ಕಟ್ಟಿದರೆ ಒಳಗೆ ನುಗ್ಗುತ್ತೆ. ಇದು ನಾನು ಒಂದು ಬೇಸಿಗೆ ಕಳೆದು ಕಲಿತದ್ದು.

ಆಮೇಲೆ ಎರಡು ಕುಂಡ ನೈದಿಲೆ. ಎಲೆ ಅರ್ಧ ಕೊಳ ಮುಚ್ಚಿದರೆ ಸಾಕು. ಪಾಚಿಗೂ ಬಿಸಿಲು ಸಿಗಲ್ಲ, ನೀರು ತಿಳಿಯಾಗುತ್ತೆ. ಅಂತರಗಂಗೆ ಮಾತ್ರ ತರಬೇಡಿ. ಸುಮ್ನೆ ಒಂದು ಗಿಡ ಅಂತ ತಂದರೆ ಒಂದು ತಿಂಗಳಿಗೆ ಪೂರ್ತಿ ಮುಚ್ಚಿ, ಗಾಳಿಯೂ ಒಳಗೆ ಹೋಗದ ಹಾಗೆ ಮಾಡುತ್ತೆ.

ಟೊರಾಂಟೊ ತರ್ಲೆ
ನಿಮ್ಮ 36 ನೋಡಿ ಹೊಟ್ಟೆಕಿಚ್ಚಾಗುತ್ತಿದೆ. ನನ್ನ ಕೊಳದ ಮೇಲೆ ಹೋದ ಜನವರಿಯಲ್ಲಿ ಅರ್ಧ ಅಡಿ ಮಂಜುಗಡ್ಡೆ ಇತ್ತು.

ಗಾಂಧಿಬಜಾರ್ ಗಪ್ಪಿ
ಮೀನು?!

ಟೊರಾಂಟೊ ತರ್ಲೆ
ಕೆಳಗೆ ಆರಾಮವಾಗಿದ್ದವು. ನಾಲ್ಕಡಿ ಆಳ ಇದೆ. ನೀರು ಅತಿ ಭಾರ ಇರೋದು 4 ಡಿಗ್ರಿಯಲ್ಲಿ, ಹಾಗಾಗಿ ಆ ನೀರು ತಳಕ್ಕೆ ಹೋಗಿ ಕೂರುತ್ತೆ, ಗಡ್ಡೆ ಮೇಲೆ ತೇಲುತ್ತೆ. ಕೋಯ್ ತಳದಲ್ಲಿ ಕಂಬಳಿ ಹೊದ್ದ ಅಜ್ಜನ ಹಾಗೆ ಅಲ್ಲಾಡದೆ ಇರುತ್ತವೆ. ನೀರು 10ಕ್ಕಿಂತ ಕೆಳಗೆ ಹೋದರೆ ಊಟ ಬಂದ್. ಹೆಚ್ಚು ಕಮ್ಮಿ ಐದು ತಿಂಗಳು ಏನೂ ಹಾಕಲ್ಲ. ನನ್ನ ಅತ್ತೆ ಬೆಂಗಳೂರಿಂದ ಬಂದಿದ್ದಾಗ ಇದನ್ನು ನೋಡಿ ನನ್ನನ್ನು ಕಟುಕ ಅಂದರು.

ಗಡ್ಡೆಯಲ್ಲಿ ಒಂದು ತೂತು ಮಾತ್ರ ಇರಬೇಕು, ಕೆಟ್ಟ ಗಾಳಿ ಹೊರಗೆ ಹೋಗೋದಕ್ಕೆ. ಮೊದಲ ವರ್ಷ ಸುತ್ತಿಗೆ ತೊಗೊಂಡು ಕುಟ್ಟಿದೆ. ಆ ಪೆಟ್ಟಿನ ಅಲೆ ಮೀನಿಗೆ ಬಡಿಯುತ್ತೆ ಅಂತ ಗೊತ್ತಿರಲಿಲ್ಲ. ಈಗ ಕುದಿಯೋ ನೀರಿನ ಪಾತ್ರೆ ಗಡ್ಡೆ ಮೇಲಿಟ್ಟು ಕರಗಿಸುತ್ತೇನೆ. ಏರ್ ಪಂಪಿನ ಗಾಳಿ ಬಿಡೋ ಗುಳ್ಳೆ ಕಲ್ಲನ್ನೂ ತಳಕ್ಕೆ ಬಿಡಲ್ಲ, ಮಧ್ಯಕ್ಕೆ ಎತ್ತಿಡುತ್ತೇನೆ. ಇಲ್ಲದಿದ್ದರೆ ತಳದ 4 ಡಿಗ್ರಿ ನೀರನ್ನು ಮೇಲಿನ ತಣ್ಣೀರಿನ ಜೊತೆ ನಾವೇ ಕಲಸಿದ ಹಾಗಾಗುತ್ತೆ.

ಲೆಕ್ಕದ ಮೇಷ್ಟ್ರು
ಚೆನ್ನಾಗಿದೆ. ಅಲ್ಲೂ ಇಲ್ಲೂ ಕಾಪಾಡೋದು ಆಳವೇ. ನಮ್ಮ ಹಳೇ ಕಲ್ಯಾಣಿಗಳಲ್ಲಿ ಏಪ್ರಿಲ್ ಮಧ್ಯಾಹ್ನ ಮೇಲಿನ ಮೆಟ್ಟಿಲು ಕಾಲು ಸುಡುತ್ತೆ, ಕೆಳಗಿಳಿದು ಕಾಲು ಬಿಟ್ಟರೆ ಜುಮ್ ಅನ್ನುತ್ತೆ.

ಮಂಡ್ಯದ ಗಾಳ
ಅದಕ್ಕೇ ಮೊದಲೇ ಹೇಳಿದೆ, ಬೋಗುಣಿ ಅಂತ. ಮೂರಡಿ ಮಾಡಿಸಿ.

ಬಿಸಿಲೂರಿನವ
ಹೇಳೋದು ಸುಲಭ. ನಮ್ಮಲ್ಲಿ ಒಂದೂವರೆ ಅಡಿ ಅಗೆದರೆ ಶಹಾಬಾದ್ ಕಲ್ಲು. ಗುದ್ದಲಿ ಠಣ್ ಅಂತ ವಾಪಸ್ ಬಂತು. ಮೇಸ್ತ್ರಿ ಕೈಮುಗಿದ.

ಕಡಲತಡಿ
ಹಹ್ಹಾ, ನಮ್ಮಲ್ಲಿ ಒಂದೂವರೆ ಅಡಿ ಅಗೆದರೆ ನೀರೇ ಬರುತ್ತದೆ.

ಮಂಗಳೂರು ಕಡೆಯವಳು ನಾನು. ನಮಗೆ ಬಿಸಿ, ಚಳಿ ಎರಡರ ತೊಂದರೆಯೂ ಅಷ್ಟಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಳದ ನೀರು 25-26 ಬಿಟ್ಟು ಅಲ್ಲಾಡುವುದೇ ಇಲ್ಲ. ಆದರೆ ಮಳೆ! ಒಂದು ವರ್ಷ ಆರಿದ್ರಾ ಮಳೆಗೆ ಕೊಳ ತುಂಬಿ ಹರಿದು, ನನ್ನ ಮೊಲ್ಲಿ ಮೀನುಗಳು ಪಕ್ಕದವರ ಅಡಿಕೆ ತೋಟದ ಕಣಿಗೆ ಸೇರಿದವು. ಅವರು ವಾಪಸ್ ಕೊಡಲಿಲ್ಲ, ಸೊಳ್ಳೆ ಕಡಿಮೆಯಾಗಿದೆ ಅಂದರು. ಈಗ ತೂಬಿಗೆ ಜಾಲರಿ ಕಟ್ಟಿದ್ದೇನೆ.

ಗಾಂಧಿಬಜಾರ್ ಗಪ್ಪಿ
ಸೊಳ್ಳೆಗೆ ಅದರ ಮರಿ ತಿನ್ನೋ ಗ್ಯಾಂಬೂಸಿಯಾ ಮೀನು ಬೆಸ್ಟು. ಹೆಚ್ಚಾದರೆ ಕೆರೆಗೆ ಬಿಟ್ಟರಾಯಿತು.

ಕೆರೆ ಏರಿ
ಕೆರೆಗೆ ಬಿಡೋದು ಮಾತ್ರ ಬೇಡ. ಹೊರಗಿನ ಮೀನು ನಮ್ಮ ಸಣ್ಣ ಪಕ್ಕೆ ಮೀನಿನ ಮೊಟ್ಟೆ, ಮರಿ ತಿಂದು ಮುಗಿಸುತ್ತೆ. ತೊಟ್ಟಿಯದು ತೊಟ್ಟಿಯಲ್ಲೇ ಇರಲಿ.

ಗಾಂಧಿಬಜಾರ್ ಗಪ್ಪಿ
ಸರಿ ಸರಿ, ಬಿಟ್ಟಿಲ್ಲ ಇನ್ನೂ.

ಬಿಸಿಲೂರಿನವ
ಒಂಬತ್ತು ದಿನದ ವರದಿ. ನೆಟ್ ಕಟ್ಟಿದೆ, ಪಡುವಣಕ್ಕೂ ಇಳಿಬಿಟ್ಟೆ. ಏರ್ ಪಂಪ್ ರಾತ್ರಿಯಿಡೀ ಓಡುತ್ತಿದೆ, ಕೆಳಗೆ ಚಪ್ಪಲಿಯೂ ಇದೆ. ಮಗಳೇ ದಿನಾ ಎರಡು ಸಲ ಅಳತೆ ಬರೆಯುತ್ತಿದ್ದಾಳೆ. ಹೊರಗೆ 43 ಇದ್ದ ದಿನ ಕೊಳ 32 ದಾಟಲಿಲ್ಲ. ಬೆಳಿಗ್ಗೆ 27. ಅಂದರೆ ಮೊದಲು ಒಂಬತ್ತು ಡಿಗ್ರಿ ಇದ್ದ ಓಲಾಟ ಈಗ ಐದು. ಮೀನು ಸಾಯಲಿಲ್ಲ, ಬೆಳಿಗ್ಗೆ ಬಾಯಿ ಬಿಡೋದೂ ನಿಂತಿದೆ. ನೈದಿಲೆ ಎರಡು ಹೊಸ ಎಲೆ ಬಿಟ್ಟಿದೆ.

ನೈದಿಲೆ
ನನ್ನದೇ ಹೆಸರು, ಬಿಡದೆ ಇರುತ್ತಾ 🙂

ಕೆರೆ ಏರಿ
ಒಳ್ಳೇ ಕೆಲಸ. ಈಗ ನಿಜವಾದ ಎಚ್ಚರಿಕೆ. ಮುಂಗಾರಿಗೆ ಮೊದಲಿನ ಗುಡುಗು ಮಳೆ ಬರುತ್ತಲ್ಲ, ಭರಣಿ, ಕೃತ್ತಿಕಾ ಹೊತ್ತಿಗೆ, ಅದರ ಬಗ್ಗೆ ಹುಷಾರು. ಮನೆಯ ಮಾಡಿನ ನೀರು ಕೊಳಕ್ಕೆ ಬೀಳುತ್ತಾ ನೋಡಿ.

ಬಿಸಿಲೂರಿನವ
ಬೀಳುತ್ತೆ. ಮಳೆನೀರು ಹಿಡಿಯೋಣ ಅಂತ ಬೇಕೆಂದೇ ಪೈಪು ಕೊಟ್ಟಿದ್ದೇನೆ.

ಕೆರೆ ಏರಿ
ಮೊದಲ ಎರಡು ಮಳೆಗೆ ಪೈಪು ತಿರುಗಿಸಿ. ಇವತ್ತೇ.

ಬಿಸಿಲೂರಿನವ
ತಡವಾಯಿತು ಗುರುಗಳೇ. ನಿನ್ನೆ ಸಂಜೆ ಐದಕ್ಕೆ ಧೂಳೆದ್ದು, ಆಮೇಲೆ ಆಲಿಕಲ್ಲು ಸಮೇತ ಹೊಡೆಯಿತು. ತಾರಸಿಯ ವರ್ಷದ ಕೊಳೆಯೆಲ್ಲಾ ಪೈಪಿನಲ್ಲಿ ಬಂದು ಕೊಳ ಚಹಾ ಬಣ್ಣ ಆಯಿತು. ನಲವತ್ತು ನಿಮಿಷದಲ್ಲಿ 32ರಿಂದ 25. ಮಗಳು ಕೊಡೆ ಹಿಡಿದು ನಿಂತು ಅಳತೆ ಬರೆದಳು. ಕೊನೆಯ ಸಾಲಿನಲ್ಲಿ ಶಾಯಿ ಕಲಸಿಹೋಗಿದೆ.

ಲೆಕ್ಕದ ಮೇಷ್ಟ್ರು
ನೋಡಿ ಐಸ್ ಕ್ಯಾಂಡಿ ಅವರೇ, ಆಕಾಶ ನಿಮ್ಮ ಮಾತು ಕೇಳಿಬಿಟ್ಟಿತು.

ಐಸ್ ಕ್ಯಾಂಡಿ
😂 ಕೊನೆಗೂ!

ಬಿಸಿಲೂರಿನವ
ನಾಲ್ಕು ದಿನ ಆಯಿತು. ಚಿಕ್ಕ ಕೋಯ್ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ. ಕಲ್ಲಿಗೆ ಮೈ ಉಜ್ಜುತ್ತಿದೆ.

ಬೀದರ್ ಚಳಿ
ಬಿಳಿ ಚುಕ್ಕಿ ರೋಗ. ನನಗೆ ಪ್ರತಿ ವರ್ಷ ಪರಿಚಯ, ಆದರೆ ಚಳಿಗಾಲದಲ್ಲಿ. ಹಗಲು ಬಿಸಿಲು, ರಾತ್ರಿ ಗಡಗಡ, ಆ ಏರಿಳಿತಕ್ಕೆ ಮೀನಿನ ಮೈ ಸೋಲುತ್ತೆ, ಪರೋಪಜೀವಿ ಹತ್ತುತ್ತೆ. ಕಲ್ಲುಪ್ಪು ಹಾಕಿ. ಲೀಟರಿಗೆ 3 ಗ್ರಾಂ, ನಿಮ್ಮ ಕೊಳಕ್ಕೆ ಐದು ಕೆಜಿ ಆಗುತ್ತೆ. ಒಂದೇ ಸಲ ಸುರಿಯಬೇಡಿ. ಮೂರು ದಿನ ಮೂರು ಕಂತಲ್ಲಿ, ಬಕೆಟ್ಟಿನಲ್ಲಿ ಕರಗಿಸಿ ಹಾಕಿ. ನೈದಿಲೆ ಕುಂಡ ಮೊದಲು ಹೊರಗೆ ತೆಗೆದಿಡಿ, ಉಪ್ಪು ಅದಕ್ಕೆ ಆಗಿಬರಲ್ಲ.

ಬೆಚ್ಚಗಿನ ನೀರಲ್ಲಿ ಈ ಹುಳದ ಸುತ್ತು ಬೇಗ ಮುಗಿಯುತ್ತೆ, ನಾಲ್ಕೈದು ದಿನ. ಚಳಿಯಲ್ಲಿ ವಾರಗಟ್ಟಲೆ ಎಳೆಯುತ್ತೆ. ಉಪ್ಪಿಗೆ ಅದು ಸಿಗೋದು ಮೀನಿನ ಮೈ ಬಿಟ್ಟು ನೀರಲ್ಲಿ ಈಜುವಾಗ ಮಾತ್ರ. ಹಾಗಾಗಿ ಚುಕ್ಕಿ ಹೋಯಿತು ಅಂತ ಮಾರನೇ ದಿನವೇ ನೀರು ಬದಲಾಯಿಸಬೇಡಿ, ಹತ್ತು ದಿನ ಬಿಡಿ. ಈ ವಿಷಯದಲ್ಲಿ ನಿಮ್ಮ ಬಿಸಿಲು ನಿಮಗೆ ನೆಂಟ.

ಗಾಂಧಿಬಜಾರ್ ಗಪ್ಪಿ
ಬೀದರ್ ಅವರೇ, ಚಳಿಗೆ ಹೀಟರ್ ಹಾಕುತ್ತೀರಾ? ನಮ್ಮಲ್ಲೂ ಡಿಸೆಂಬರ್‌ನಲ್ಲಿ ತಾರಸಿ ತೊಟ್ಟಿ 18ಕ್ಕೆ ಇಳಿಯುತ್ತೆ. ಗಪ್ಪಿಗಳು ಮಂಕಾಗುತ್ತವೆ.

ಲೆಕ್ಕದ ಮೇಷ್ಟ್ರು
ಬೇಡ ಅನ್ನೋದಕ್ಕೆ ಮತ್ತೆ ನಾನೇ ಬರಬೇಕು. ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಏರಿಸೋದಕ್ಕೆ 1.16 ಯೂನಿಟ್ ಕರೆಂಟು. ಐದು ಡಿಗ್ರಿ ಅಂದರೆ ಹತ್ತಿರ ಹತ್ತಿರ ಆರು ಯೂನಿಟ್. ರಾತ್ರಿ ಅದೆಲ್ಲಾ ಆಕಾಶಕ್ಕೆ ಹೋಗುತ್ತೆ, ನಾಳೆ ಮತ್ತೆ ಆರು.

ಬೀದರ್ ಚಳಿ
ಹೀಟರ್ ಇಲ್ಲ. ನಮ್ಮ ಕೊಳ ಜನವರಿ ಬೆಳಿಗ್ಗೆ 15ಕ್ಕೆ ಬಂದದ್ದೂ ಇದೆ. ಗೋಲ್ಡ್ ಫಿಶ್, ಕೋಯ್‌ಗೆ ಅದೇನೂ ಅಲ್ಲ. ಗಪ್ಪಿಯನ್ನು ಒಳಗೆ ತರುತ್ತೇನೆ. ಉಳಿದವಕ್ಕೆ ಊಟ ಅರ್ಧ, ಅದೂ ಮಧ್ಯಾಹ್ನ ಹನ್ನೆರಡರ ಮೇಲೆ, ನೀರು ಸ್ವಲ್ಪ ಬೆಚ್ಚಗಾದ ಮೇಲೆ. ಬೆಳಿಗ್ಗೆ ಹಾಕಿದರೆ ತಿನ್ನಲ್ಲ, ತಳದಲ್ಲಿ ಕೊಳೆಯುತ್ತೆ. ರಾತ್ರಿ ಹಲಗೆ ಮೇಲೆ ಗೋಣಿಚೀಲ ಹಾಸಿ ಮುಚ್ಚುತ್ತೇನೆ, ಒಂದು ಬದಿ ಗಾಳಿಗೆ ಬಿಟ್ಟು. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋದ ಮೇಲೆ ಗೋಣಿ ತೆಗೆದು, ಅದೇ ಕಂಬಕ್ಕೆ ಹಸಿರು ನೆಟ್ ಕಟ್ಟುತ್ತೇನೆ.

ಬಿಸಿಲೂರಿನವ
ಉಪ್ಪು ಹಾಕಿ ಹನ್ನೊಂದು ದಿನ. ಚುಕ್ಕಿ ಇಲ್ಲ. ಮೇಸ್ತ್ರಿ ಹತ್ತಿರ ಮತ್ತೆ ಮಾತಾಡಿದೆ. ಕೆಳಗೆ ಹೋಗೋದಕ್ಕೆ ಆಗದಿದ್ದರೆ ಮೇಲೆ ಹೋಗೋಣ ಅಂದ. ಸುತ್ತ ಶಹಾಬಾದ್ ಕಲ್ಲಿನಲ್ಲೇ ಎರಡಡಿ ಗೋಡೆ ಎತ್ತಿದರೆ ಆಳ ಮೂರೂವರೆ ಆಗುತ್ತೆ. ಹೇಗೆ?

ಲೆಕ್ಕದ ಮೇಷ್ಟ್ರು
ಆಗುತ್ತೆ, ಆದರೆ ಆ ಗೋಡೆಗೆ ಬಿಸಿಲು ಬಿದ್ದರೆ ಬದಿಯಿಂದ ಕಾಯುತ್ತೆ. ಹೊರಗೆ ಮಣ್ಣು ಒಡ್ಡಿ ಗರಿಕೆ ಹಾಕಿ, ಕಡೇ ಪಕ್ಷ ಪಡುವಣ ಬದಿಗಾದರೂ.

ಕೆರೆ ಏರಿ
ಶೀಟನ್ನು ಗೋಡೆಯ ತುದಿ ತನಕ ಎಳೆದುಕೊಳ್ಳಿ, ಕಲ್ಲು ನೀರಿಗೆ ತಾಗೋದು ಬೇಡ. ಅದು ಸುಣ್ಣಕಲ್ಲು. ಹೊಸ ಸಿಮೆಂಟು ಇನ್ನೂ ಕೆಟ್ಟದ್ದು, ನೀರಿನ ಪಿಎಚ್, ಅಂದರೆ ಕ್ಷಾರದ ಮಟ್ಟ ಏರಿಸುತ್ತೆ. ಮೀನಿನ ಗಲೀಜಿನ ಅಮೋನಿಯಾ ಪಿಎಚ್ 7ರಲ್ಲಿ ನೂರಕ್ಕೆ ಒಂದು ಪಾಲೂ ವಿಷವಾಗಿರಲ್ಲ, 9 ಮುಟ್ಟಿದರೆ ಮೂರರಲ್ಲಿ ಒಂದು ಪಾಲು ವಿಷ. ನೀರು ಬಿಸಿ ಇದ್ದರೆ ಇನ್ನೂ ಜಾಸ್ತಿ. ನಿಮ್ಮೂರಲ್ಲಿ ಎರಡೂ ಒಟ್ಟಿಗೆ ಸೇರಿಬಿಡುತ್ತೆ.

ಬಿಸಿಲೂರಿನವ
ಅರ್ಥ ಆಯಿತು. ಕೆಲಸ ನಾಲ್ಕು ದಿನವಂತೆ. ಅಲ್ಲಿಯ ತನಕ ಆರು ಮೀನು ಎಲ್ಲಿಡಲಿ? ಇನ್ನೂರು ಲೀಟರಿನ ನೀಲಿ ಡ್ರಮ್ ಒಂದಿದೆ.

ನೈದಿಲೆ
ಬಚ್ಚಲಮನೆಯಲ್ಲಿ ಇಡಿ, ಬಿಸಿಲು ಬೀಳಲ್ಲ. ಕೊಳದ ನೀರನ್ನೇ ತುಂಬಿ. ಸುತ್ತ ಒದ್ದೆ ಗೋಣಿ ಸುತ್ತಿ, ಏರ್ ಪಂಪ್ ಅದರೊಳಗೇ ಬಿಡಿ. ಬಾಯಿಗೆ ನೆಟ್ ಕಟ್ಟಿ, ಕೋಯ್ ಹಾರುತ್ತೆ.

ಕೆರೆ ಏರಿ
ನಾಲ್ಕು ದಿನ ಊಟ ಹಾಕಬೇಡಿ. ಏನೂ ಆಗಲ್ಲ. ದಿನಕ್ಕೆ ಎರಡು ಬಕೆಟ್ ನೀರು ತೆಗೆದು, ಪಕ್ಕದಲ್ಲಿ ಇಟ್ಟುಕೊಂಡ ಅದೇ ಬಿಸುಪಿನ ನೀರು ಹಾಕಿ.

ಟೊರಾಂಟೊ ತರ್ಲೆ
ಅತ್ತೆಯವರು ಇದ್ದಾರಾ ಮನೆಯಲ್ಲಿ? ಇದ್ದರೆ ಊಟದ ವಿಷಯ ಹೇಳಬೇಡಿ.

ಬಿಸಿಲೂರಿನವ
ಸೋಮವಾರ ಬೆಳಿಗ್ಗೆ ಏಳಕ್ಕೆ ಮೀನು ಡ್ರಮ್ಮಿಗೆ ಸೇರಿಸಿ, ಬಚ್ಚಲು ಬಿಟ್ಟುಕೊಟ್ಟು ಕೂತಿದ್ದೇವೆ. ಮೇಸ್ತ್ರಿ ಬಂದಿಲ್ಲ. ಅವನ ತಂಗಿ ಮದುವೆಯಂತೆ, ಗುರುವಾರ ಬರುತ್ತಾನಂತೆ.

ಮಂಡ್ಯದ ಗಾಳ
ಯಾವ ಗುರುವಾರ ಅಂತ ಕೇಳಿದಿರಾ?